ಸೋಮನಿಂಗ ಹೊಗೆಗೊಂದು ಮನೆ ಹುಡುಕಿದ್ದು

ಸೋಮನಿಂಗ ಬೆಳಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಅಂಗಳಕ್ಕೆ ಬರುತ್ತಿದ್ದ. ಬಲಗೈಯ ತೋರುಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ, ತಲೆಯ ಮೇಲಕ್ಕೆ ಎತ್ತಿ ಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಯಾವ ಮಗ್ಗುಲಿಗೆ ಬೆರಳು ತಣ್ಣಗಾಯಿತೋ ಆ ಕಡೆಯಿಂದ ಗಾಳಿ. ಹದಿನೇಳು ವರ್ಷ ಮಿಲಿಟರಿಯಲ್ಲಿ ಸಿಪಾಯಿಗಳಿಗೆ ಅಡುಗೆ ಮಾಡಿದವನು. ಬಯಲಲ್ಲಿ ಒಲೆ ಹೂಡುವವನಿಗೆ ಗಾಳಿಯ ದಿಕ್ಕು ಗೊತ್ತಿರಬೇಕು. ಈಗ ಒಲೆ ಹೂಡುವವಳು ಹೆಂಡತಿ ಸಾತವ್ವ, ಅದೂ ನಾಲ್ಕು ಗೋಡೆಯ ಒಳಗೆ. ಆದರೂ ಬೆರಳು ಒಂದು ದಿನ ತಪ್ಪಲಿಲ್ಲ. ಚಳಿಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಬಂದು, ಕಂಬಳಿಯೊಳಗಿನಿಂದ ಬೆರಳೊಂದನ್ನೇ ಹೊರಗೆ ಎತ್ತಿದ್ದನ್ನು ನಮ್ಮ ಓಣಿಯವರೆಲ್ಲ ಕಂಡಿದ್ದೇವೆ.

ಎದುರು ಮನೆಯ ಗುರವ್ವಾಯಿ ಬಹಳ ದಿನ ಅದನ್ನು ಬೇರೆಯೇ ತಿಳಿದುಕೊಂಡಿದ್ದಳು. ದೇವರು ಒಬ್ಬನೇ ಎಂದು ಅವನು ದಿನಾ ಬೆಳಗ್ಗೆ ಬೆರಳು ತೋರಿಸುತ್ತಾನೆ ಎಂದು ನಂಬಿ, ಪೂಜೆ ಮುಗಿಸಿ ಹೊರಗೆ ಬಂದವಳು ತಾನೂ ಕೈ ಮುಗಿಯುತ್ತಿದ್ದಳು. ಸಾತವ್ವ ಒಂದು ದಿನ ನಗು ತಡೆದುಕೊಂಡು ನಿಜ ಹೇಳಿದಳು. ಗುರವ್ವಾಯಿಗೆ ಬೇಸರವಾಗಲಿಲ್ಲ.

"ಇರ್ಲಿ ಬಿಡವಾ. ಗಾಳಿ ಕಳಸಾಂವನೂ ಅವನ ಅಲ್ಲಾ," ಎಂದಳು. ಮರುದಿನವೂ ಕೈ ಮುಗಿದಳು.

ನಮ್ಮೂರು ಯಂಕಂಚಿಯಲ್ಲಿ ಸೋಮನಿಂಗನದು ಕುರಿ ಸಾಕುವ ಹಾಲುಮತದ ಮನೆ. ನೂರಿಪ್ಪತ್ತು ಕುರಿ. ಅವನು ಊರಲ್ಲಿಲ್ಲದ ಹದಿನೇಳು ವರ್ಷ ಅವನ್ನು ಕಾಯ್ದವನು ತಮ್ಮ ಸಿದ್ದರಾಯ. ಎಪ್ಪತ್ತೈದನೇ ಇಸವಿಯ ಬೇಸಿಗೆಯಲ್ಲಿ ಸೋಮನಿಂಗ ಪಿಂಚಣಿ ಪಡೆದು, ಹೆಸರು ಬರೆದ ಕರಿ ಟ್ರಂಕು ಹೊತ್ತು ಊರಿಗೆ ಬಂದ. ಬಂದ ಮಾರನೆಯ ದಿನವೇ ಕೋಲು ಹಿಡಿದು ಕುರಿಯ ಹಿಂದೆ ಹೊರಟ. ಹುಟ್ಟಿನಿಂದ ಬಂದ ಕೆಲಸ, ಮರೆತಿರಲಿಕ್ಕಿಲ್ಲ ಎಂದು ಎಲ್ಲರೂ ಅಂದುಕೊಂಡರು. ಆದರೆ ಅವನ ಬಾಯಿಂದ ಬಂದದ್ದು ಹಿಂದಿ. ಸಾಲಾಗಿ ನಿಲ್ಲಿ, ಬಲಕ್ಕೆ ತಿರುಗಿ ಎಂದು ಹಿಂದಿಯಲ್ಲಿ ಹೇಳಿದ. ಕುರಿಗಳು ಸ್ವಲ್ಪ ಹೊತ್ತು ಅವನ ಮುಖ ನೋಡಿದವು. ಆಮೇಲೆ ಮೂರು ಪಾಲಾಗಿ ಮೂರು ದಿಕ್ಕಿಗೆ ಹೋದವು. ಒಂದು ಪಾಲು ಸಂಜೆ ಮೋರಟಗಿಯ ಕಡೆ ಯಾರದೋ ಹೊಲದಲ್ಲಿ ಸಿಕ್ಕಿತು.

ಸಿದ್ದರಾಯ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಯಣ್ಣಾ, ನೀ ದೇಶಾ ಕಾದು ಬಂದೀ. ಕುರಿ ನಾ ಕಾಯ್ತೇನಿ. ನೀ ಮನ್ಯಾಗ ಕುಂದರು," ಎಂದ.

ಆ ಕುಂದರು ಎಂಬ ಮಾತು ಸೋಮನಿಂಗನಿಗೆ ಮುಳ್ಳಿನಂತೆ ನೆಟ್ಟಿತು. ನಲವತ್ತು ದಾಟದ ಗಂಡಸು, ಕೈಕಾಲು ಗಟ್ಟಿ ಇವೆ, ಕಟ್ಟೆಯ ಮೇಲೆ ಕುಳಿತರೆ ಹೋಗಿ ಬರುವವರು "ಏನ್ರಿ ಪಿನ್ಸನ್, ಊಟಾ ಆತೇನ್ರಿ?" ಎಂದು ಕೇಳುತ್ತಿದ್ದರು. ಊಟ ಬಿಟ್ಟರೆ ಅವನಿಗೆ ಬೇರೆ ಕೆಲಸವಿಲ್ಲ ಎಂಬುದು ಅದರ ಒಳಗಿತ್ತು. ಮನೆಯಲ್ಲಿ ತನ್ನಿಂದಲೇ ಆಗಬೇಕಾದ ಒಂದು ಕೆಲಸ ಬೇಕು ಎಂದು ಅವನು ಸಾತವ್ವನ ಮುಂದೆ ಹೇಳಿಕೊಂಡ. ಸಾತವ್ವ ನೀರು ತರಲು ಬಂದಾಗ ನನ್ನ ಮುಂದೆ ಹೇಳಿದಳು. "ಬೆರಳ ಎತ್ತೂದ ಐತೆಲ್ರಿ ಅಂದೆ ಅಕ್ಕಾ. ಎರಡು ದಿನಾ ಮಾತಾಡ್ಲಿಲ್ಲ."

ಆ ಕೆಲಸ ಅವನಿಗೆ ಹೊಳೆದದ್ದು ದಸರೆಯ ಹೊತ್ತಿಗೆ. ಪ್ರತಿ ವರ್ಷ ದೀಪಾವಳಿ ಮುಗಿದ ಮೇಲೆ, ನಮ್ಮ ಕಡೆಯ ಹೊಲಗಳಲ್ಲಿ ಬಿಳಿಜೋಳ ಬಿತ್ತಿ ಕುರಿ ಮೇಯಲು ಜಾಗವಿಲ್ಲದಂತಾದಾಗ, ಸಿದ್ದರಾಯ ಹಿಂಡು ಹೊಡೆದುಕೊಂಡು ಬಸವನ ಬಾಗೇವಾಡಿ ದಾಟಿ ಮುದ್ದೇಬಿಹಾಳದ ಕಡೆ ಹೋಗುತ್ತಾನೆ. ನಾಲ್ಕು ತಿಂಗಳು ಬಯಲಲ್ಲೇ ವಾಸ. ಒಣಗಿ ಗಟ್ಟಿಯಾದ ಕಟಗ ರೊಟ್ಟಿ, ಕೆಂಪು ಖಾರ. ನೂರು ಕುರಿಯ ನಡುವೆ ಇದ್ದರೂ ಬಾಡಿನ ಊಟ ಅಪರೂಪ, ಏಕೆಂದರೆ ಒಂದನ್ನು ಕೊಯ್ದರೆ ಎರಡು ದಿನದಲ್ಲಿ ತಿಂದು ಮುಗಿಸಬೇಕು. ಸೋಮನಿಂಗ ನಾಗಾ ಗುಡ್ಡಗಳಲ್ಲಿದ್ದಾಗ ಅಲ್ಲಿನವರು ಮಾಂಸವನ್ನು ಒಲೆಯ ಮೇಲೆ ತೂಗುಹಾಕಿ ದಿನಗಟ್ಟಲೆ ಹೊಗೆ ಕೊಟ್ಟು ತಿಂಗಳಾನುಗಟ್ಟಲೆ ಇಟ್ಟುಕೊಳ್ಳುವುದನ್ನು ನೋಡಿದ್ದ, ತಿಂದಿದ್ದ. ಅದನ್ನು ತಮ್ಮನಿಗೆ ಹೇಳಿದ.

"ಹೊಗಿ ಕೊಟ್ರ ಕೆಡೂದಿಲ್ಲ?"

"ಕೆಡೂದಿಲ್ಲ. ಹದಿನೈದು ದಿನ ಇಡ್ತೇನಿ, ನೋಡು."

ಸಿದ್ದರಾಯ ಬಹಳ ಹೊತ್ತು ತಲೆ ಕೆರೆದುಕೊಂಡ. "ಒಂದ ಟಗರ ಕೊಡ್ತೇನಿ. ಒಂದ. ಹದಿನೈದು ದಿನಾ ಉಳೀತಂದ್ರ ವರ್ಷಾ ನೀನ ಮಾಡು. ಕೆಡ್ತಂದ್ರ ಮತ್ತ ಕೇಳಬ್ಯಾಡ, ಆರಾಮ ಕುಂದರು."

ಮತ್ತೆ ಅದೇ ಮಾತು. ಸೋಮನಿಂಗ ಒಪ್ಪಿದ. ಇನ್ನು ಉಳಿದದ್ದು ಹೊಗೆ ಹಿಡಿದಿಡುವ ಒಂದು ಸಾಧನ ಆರಿಸುವುದು. ನಾಗಾ ಜನ ಒಲೆಯ ಮೇಲೆ ತೂಗುಹಾಕುತ್ತಾರಲ್ಲ, ನಾವೂ ಹಾಗೇ ಮಾಡೋಣ ಎಂದದ್ದಕ್ಕೆ ಸಾತವ್ವ ತನ್ನ ಒಲೆಯ ಮೇಲೆ ಬಿತ್ತನೆಯ ತೆನೆ ಕಟ್ಟಿದ್ದೇನೆ, ಅಲ್ಲಿ ಲಕ್ಷ್ಮಿ ಇದ್ದಾಳೆ, ಟಗರು ಬರುವಂತಿಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಮೊದಲು ಸಿಂದಗಿಗೆ ಹೋದ. ಅಲ್ಲಿ ಮಶಾಕಸಾಬನ ಗುಜರಿ ಅಂಗಡಿಯಲ್ಲಿ ಸಾಲಾಗಿ ಬ್ಯಾರಲ್ಲು ನಿಲ್ಲಿಸಿದ್ದರು. ಸೋಮನಿಂಗ ಒಂದೊಂದರ ಬಾಯೊಳಗೂ ತಲೆ ತೂರಿಸಿ ಮೂಸಿ ನೋಡುತ್ತ ಬಂದ. ಒಂದರಲ್ಲಿ ಚಿಮಣಿ ಎಣ್ಣೆ. ಒಂದರಲ್ಲಿ ಹತ್ತಿ ಬೆಳೆಗೆ ಹೊಡೆಯುವ ಔಷಧ, ಅದರಿಂದ ತಲೆ ಬೇಗ ಹೊರಗೆ ಬಂತು. ಮಶಾಕಸಾಬ ಗಿರಾಕಿಗಳನ್ನು ಬಿಟ್ಟು ಇವನನ್ನೇ ನೋಡುತ್ತ ನಿಂತ.

"ಒಳಗ ಏನರೆ ಕಳಕೊಂಡೀರೇನ್ರಿ?"

"ಬ್ಯಾರಲ್ಲ ಬೇಕಾಗಿತ್ತ. ಖಂಡ ಇಡಾಕ. ಹೊಗಿ ಹಾಕಿ."

"ನಮ್ಮಲ್ಲಿ ಬಕ್ರೀದ್ ಆದ ಮ್ಯಾಲ ಉಪ್ಪ ಹಚ್ಚಿ ದಾರಕ್ಕ ಏರಿಸಿ ಬಿಸಲಿಗೆ ಹಾಕ್ತಾರ, ಮುಗೀತು. ಖಂಡಕ್ಕ ಮನಿ ಕಟ್ಟಾಂವ ನೀವ ಒಬ್ಬರ ನೋಡ್ರಿ," ಎಂದ ಮಶಾಕಸಾಬ. ಆದರೂ ವ್ಯಾಪಾರಿ. "ಈ ಡಾಂಬರಿಂದು ಒಯ್ರಿ. ಒಮ್ಮೆ ಬೆಂಕಿ ಹಾಕಿ ಸುಟ್ಟಬಿಡ್ರಿ, ಬೆಳ್ಳಿ ಬಟ್ಟಲ ಆಕ್ಕತಿ."

ಡಾಂಬರಿನ ಬ್ಯಾರಲ್ಲು ಬಸ್ಸಿನ ತಲೆಯ ಮೇಲೆ ಕುಳಿತು ಯಂಕಂಚಿಗೆ ಬಂತು. ಸೋಮನಿಂಗ ಅದರೊಳಗೆ ಎರಡು ದಿನ ಬೆಂಕಿ ಹಾಕಿದ. ಕರಿ ಹೊಗೆಗೆ ಇಡೀ ಓಣಿಯ ಒಣಗಿದ ಸೀರೆಗಳು ಮತ್ತೆ ನೀರು ಕಂಡವು. ಮೂರನೆಯ ದಿನ ಟಗರಿನ ಗೊಡವೆಗೆ ಹೋಗದೆ, ಪರೀಕ್ಷೆಗೆಂದು ಒಂದು ಕೋಳಿಯನ್ನು ತೂಗುಹಾಕಿದ. ನಾನು ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಇಂಥ ರುಚಿಯ ವಿಷಯದಲ್ಲಿ ಉಂಡವರ ಮಾತನ್ನೇ ನಂಬಬೇಕು. ಸಿದ್ದರಾಯ ಒಂದು ತುಂಡು ಬಾಯಿಗೆ ಹಾಕಿ ಅಗಿದು, ನಿಧಾನಕ್ಕೆ ಹೊರಗೆ ತೆಗೆದು ಅಂಗೈ ಮೇಲಿಟ್ಟು ನೋಡಿದನಂತೆ.

"ಯಣ್ಣಾ, ಸಿಂದಗಿ ರಸ್ತಾ ತಿಂದಂಗ ಆತು."

ಎರಡನೆಯದು ಮಣ್ಣಿನ ಹರವಿ, ನೀರು ತುಂಬಿಡುವ ದೊಡ್ಡ ಮಡಕೆ. ಮೋರಟಗಿಯ ಕುಂಬಾರ ಸಂಗಣ್ಣನ ಹತ್ತಿರ ಹೋಗಿ ಎದೆಮಟ್ಟದ ಹರವಿ ಬೇಕು, ತಳದ ಹತ್ತಿರ ಒಂದು ತೂತು ಬಿಟ್ಟು ಮಾಡಿಕೊಡಿ ಎಂದ. ತೂತಿನ ಮಡಕೆ ನಮ್ಮಲ್ಲಿ ಯಾವಾಗ ಹೆಗಲೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹದಿನೇಳು ವರ್ಷ ಹೊರಗಿದ್ದವನಿಗೆ ಮರೆತುಹೋಗಿತ್ತು. ಸಂಗಣ್ಣ ತಿಗರಿ ನಿಲ್ಲಿಸಿ, ತಲೆಗೆ ಸುತ್ತಿದ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯಾರ ಹೋದ್ರಪಾ ಮನ್ಯಾಗ?"

"ಯಾರೂ ಹೋಗಿಲ್ರಿ. ಇದು ಟಗರಿಂದು."

ಸಂಗಣ್ಣ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದ. "ಮಿಲ್ಟ್ರ್ಯಾಗ ಟಗರಿಗೂ ಮಡಿಕಿ ಒಡೀತಾರೇನು?"

ಎಷ್ಟು ವಿವರಿಸಿದರೂ ಬದುಕಿದವರ ಮನೆಗೆ ತೂತಿನ ಮಡಕೆ ಮಾಡಿಕೊಡುವುದಿಲ್ಲ ಎಂದ. ಗಟ್ಟಿ ಹರವಿಯನ್ನೇ ತಂದ ಸೋಮನಿಂಗ ಮನೆಯಲ್ಲಿ ಉಳಿ ಹಿಡಿದು ಕುಳಿತ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯ ಏಟಿಗೆ ಹರವಿ ಎರಡಾಯಿತು. ಸಾತವ್ವ ಕೆಳಗಿನ ಅರ್ಧ ಒಯ್ದು ಕೋಳಿಗಳಿಗೆ ನೀರಿಡಲು ಇಟ್ಟಳು.

ದೀಪಾವಳಿ ಬಂತು. ಪಾಡ್ಯದ ಮಾರನೆಯ ದಿನ ಟಗರು ಕೊಯ್ಯಬೇಕು, ಅಲ್ಲಿಂದ ನಾಲ್ಕನೆಯ ದಿನ ಹಿಂಡು ಹೊರಡಬೇಕು. ಸೋಮನಿಂಗ ಇಂಡಿ ಊರಿನ ಸಂತೆಗೂ ಹೋಗಿ ಬರಿಗೈಯಲ್ಲಿ ಬಂದ. ಆ ಸಂಜೆ ಕಟ್ಟೆಯ ಮೇಲೆ ಕುಳಿತವನ ಕಣ್ಣು ಕಾಲ ಕೆಳಗಿನ ಚಪ್ಪಡಿಯ ಮೇಲೆ ಬಿತ್ತು.

ನಮ್ಮ ಓಣಿಯಲ್ಲಿ ಮನೆಮನೆಯ ಮುಂದೂ ದಾರಿಯಲ್ಲೇ ಹಗೇವು ಇದೆ. ನೆಲದೊಳಗೆ ತೋಡಿದ, ಬಾಯಿ ಕಿರಿದಾಗಿ ಹೊಟ್ಟೆ ಅಗಲವಾದ ಗುಂಡಿ. ಸುಗ್ಗಿಯ ಜೋಳ ಸುರಿದು ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಾರೆ. ತೆಗೆಯುವಾಗ ಮೊದಲು ಕಂದೀಲು ಇಳಿಬಿಟ್ಟು ನೋಡುತ್ತಾರೆ. ಕಂದೀಲು ಆರಿದರೆ ಒಳಗೆ ಗಾಳಿ ಕೆಟ್ಟಿದೆ, ಮನುಷ್ಯ ಇಳಿಯಬಾರದು. ಸೋಮನಿಂಗನ ಮನೆಯ ಹಗೇವು ಐದಾರು ವರ್ಷದಿಂದ ಖಾಲಿ. ಅದರ ಮಗ್ಗುಲಲ್ಲೇ, ಒಂದು ಮೊಳದ ಅಂತರದಲ್ಲಿ, ಎದುರು ಮನೆಯ ರಾಚಪ್ಪನದು. ಇಪ್ಪತ್ತು ಚೀಲ ಜೋಳ ತುಂಬಿದ್ದು. ರಾಚಪ್ಪ ಎಂದರೆ ಗುರವ್ವಾಯಿಯ ಮಗ, ಹೊಲಮನೆ ಇದ್ದ ಲಿಂಗಾಯತ ಸಾವಕಾರ.

"ಅದು ಜೋಳದ ಮನಿ ಐತಿ," ಎಂದಳು ಸಾತವ್ವ.

"ಖಾಲಿ ಬಿದ್ದೈತೆಲ್ಲ."

"ಖಾಲಿ ಬಿದ್ದದ್ದಕ್ಕೆಲ್ಲಾ ಹೊಗಿ ಹಾಕೂದಾದ್ರ ಮೊದಲ ನಿಮ್ಮ ತಲಿಗೆ ಹಾಕಬೇಕ್ರಿ."

ಆದರೆ ಟಗರು ಕೊಯ್ದಾಗಿತ್ತು. ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು, ಅರಿಶಿನ, ಖಾರ ಹಚ್ಚಿ, ಹಗೇವಿನ ಬಾಯಿಗೆ ಅಡ್ಡ ಹಾಕಿದ ಕೋಲಿಗೆ ಕಟ್ಟಿ ಇಳಿಬಿಟ್ಟ. ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಕುಳ್ಳಿನ ಕೆಂಡ, ಅದರ ಮೇಲೆ ಹಸಿ ಜಾಲಿ ಕಟ್ಟಿಗೆಯ ಚಕ್ಕೆ, ಅದನ್ನೂ ಹಗ್ಗದಿಂದ ಇಳಿಸಿದ. ಚಪ್ಪಡಿಯನ್ನು ಮುಕ್ಕಾಲು ಮುಚ್ಚಿದ. ಹೊಗೆ ಹೊರಗೆ ಬರುವುದು ಕಡಿಮೆ, ಒಳಗೆ ತಿರುಗುವುದು ಹೆಚ್ಚು. ಇದಕ್ಕಿಂತ ಒಳ್ಳೆಯ ಸಾಧನ ನಾಗಾ ಗುಡ್ಡದಲ್ಲೂ ಇಲ್ಲ ಎಂದು ಅವನಿಗೆ ಅನ್ನಿಸಿತು. ಹೊಗೆ ಯಾಕೆ ಹೊರಗೆ ಕಡಿಮೆ ಬರುತ್ತಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ದಿನಾ ಗಾಳಿ ನೋಡುವವನು ನೆಲದೊಳಗಿನ ಗಾಳಿಯನ್ನು ನೋಡಲಿಲ್ಲ.

ಮರುದಿನ ಮಧ್ಯಾಹ್ನ ರಾಚಪ್ಪ ತನ್ನ ಹಗೇವು ತೆಗೆಸಿದ. ಹಬ್ಬಕ್ಕೆ ಮನೆಯ ಜೋಳ ತೀರಿತ್ತು. ಆಳು ಚಪ್ಪಡಿ ಸರಿಸಿ ಕಂದೀಲು ಇಳಿಬಿಡಲು ಬಗ್ಗಿದ್ದೇ ತಡ, ಹೊಗೆ ಎದ್ದು ಅವನ ಮೀಸೆಗೆ ಬಡಿಯಿತು. ಅವನು ಕಂದೀಲನ್ನು ಅಲ್ಲೇ ಬಿಟ್ಟು ಓಣಿಯ ಕೊನೆಯವರೆಗೆ ಓಡಿದ.

"ಜೋಳಕ್ಕ ಬೆಂಕಿ ಬಿತ್ತ್ರೋ, ಕೊಡಾ ತರ್ರಿ," ಎಂದು ರಾಚಪ್ಪ ಕೂಗಿದ. ಎಲ್ಲ ಮನೆಗಳಿಂದ ಹೆಂಗಸರು ನೀರಿನ ಕೊಡ ಹೊತ್ತು ಬಂದೆವು. ಗುರವ್ವಾಯಿ ವಿಭೂತಿ ತಂದಳು.

ಸೋಮನಿಂಗನೂ ಓಡಿ ಬಂದ. ಬಂದವನು ಎಲ್ಲರ ನಡುವೆ ನಿಂತು ಮೂಗು ಎಳೆದ. ಆಮೇಲೆ ಬೆರಳನ್ನು ಬಾಯಲ್ಲಿಟ್ಟು, ಮೊದಲ ಸಲ ಅದನ್ನು ಮೇಲಕ್ಕೆತ್ತದೆ ಹಗೇವಿನ ಬಾಯೊಳಗೆ ಇಳಿಬಿಟ್ಟ. ಬೆರಳು ಬೆಚ್ಚಗಾದದ್ದು ತನ್ನ ಹಗೇವಿನ ಮಗ್ಗುಲಿಗೆ. ಅವನ ಮುಖ ಸಣ್ಣದಾದದ್ದನ್ನು ನಾನು ಕಂಡೆ. ಸುಮ್ಮನಿದ್ದಿದ್ದರೆ ನೀರು ಬೀಳುತ್ತಿತ್ತು, ಹೊಗೆ ನಿಲ್ಲುತ್ತಿತ್ತು, ಇಪ್ಪತ್ತು ಚೀಲ ಜೋಳ ಮೊಳೆತು ಹೋಗುತ್ತಿತ್ತು, ಟಗರಿನ ಸುದ್ದಿ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಎರಡೂ ಕೈ ಚಾಚಿ ಬಾಯಿಗೆ ಅಡ್ಡ ನಿಂತ.

"ನೀರ ಹಾಕಬ್ಯಾಡ್ರಿ ಸಾವಕಾರ್ರ. ಅದು ಬೆಂಕಿ ಅಲ್ಲ. ಅದು ನನ್ನ ಟಗರು."

ರಾಚಪ್ಪನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. "ನನ್ನ ಹಗೇವಿನ್ಯಾಗ ನಿನ್ನ ಟಗರು?"

"ಟಗರ ನನ್ನ ಹಗೇವಿನ್ಯಾಗ ಐತ್ರಿ. ನಡುವ ಎಲ್ಲೋ ಇಲಿ ಬಿಲಾ ಐತಿ. ಹೊಗಿ ಅಷ್ಟ ನಿಮ್ಮ ಕಡೆ ಬಂದೈತಿ."

"ಟಗರಿನ ಹೊಗಿ."

"ಜಾಲಿ ಕಟ್ಟಿಗಿ ಹೊಗಿ ರೀ. ಟಗರಿಗೆ ದಾರ್ಯಾಗ ಭೆಟ್ಟಿ ಆಗಿ ಬಂದೈತಿ."

ಯಾರೋ ನಕ್ಕರು. ರಾಚಪ್ಪ ನಗಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಸೋಮನಿಂಗ ತನ್ನ ಹಗೇವಿನಿಂದ ಬೆಂಕಿಯ ಬುಟ್ಟಿ ಎಳೆದು, ನನ್ನ ಕೈಯಲ್ಲಿದ್ದ ಕೊಡ ತೆಗೆದುಕೊಂಡು ಅದರ ಮೇಲೆ ಸುರಿದ. ಮಾಂಸದ ಕೋಲನ್ನೂ ಮೇಲೆತ್ತಿದ. ಸಿದ್ದರಾಯ ಅಷ್ಟೊತ್ತಿಗೆ ಬಂದಿದ್ದ. ಒಂದು ಸೀಳನ್ನು ಒತ್ತಿ ನೋಡಿದ. ಮೇಲೆ ಕಂದು ಬಣ್ಣ, ಒಳಗೆ ಇನ್ನೂ ಹಸಿ.

"ಇನ್ನ ಎರಡ ದಿನಾ ಬೇಕಿತ್ತು," ಎಂದ ಸೋಮನಿಂಗ.

ಸಿದ್ದರಾಯ ಬೆರಳು ಒರೆಸಿಕೊಂಡ. ಏನು ಹೇಳಬೇಕಿತ್ತೋ ಅದನ್ನು ಅವನು ಮೊದಲೇ ಹೇಳಿಯಾಗಿತ್ತು.

ಅಷ್ಟರಲ್ಲಿ ಗುರವ್ವಾಯಿ ಮೇಲಿನ ಜೋಳವನ್ನು ಒಂದು ಬೊಗಸೆ ಮೊರಕ್ಕೆ ಹಾಕಿಸಿ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಆ ವರ್ಷ ಅವರ ಜೋಳಕ್ಕೆ ನುಸಿ ಹತ್ತಿತ್ತು.

"ರಾಚ್ಯಾ, ಇಲ್ಲಿ ನೋಡು. ನುಸಿ ಎಲ್ಲಾ ಸತ್ತಾವ."

"ಜೋಳಕ್ಕ ವಾಸನಿ ಹತ್ತೈತೆಲ್ಲಾ ಯವ್ವಾ."

"ಮೂರ ದಿನಾ ಸೂರ್ಯಾಗ ತೋರಸು. ಅಂವ ಒಯ್ತಾನ. ಶಿವಾ ಕೊಟ್ಟ ಅನ್ನ ಅದು, ಚೆಲ್ಲತೀಯೇನು?"

ಯಾರಾದರೂ ಹೇಳುವ ಮೊದಲೇ ಸೋಮನಿಂಗ ಅಂಗಿ ಬಿಚ್ಚಿದ. ಕಂದೀಲು ಇಳಿಬಿಟ್ಟು, ಹೊಗೆ ಹೋಗಿ ಗಾಳಿ ಒಳ್ಳೆಯದಾಗುವವರೆಗೆ ಕಾದು, ತಾನೇ ಇಳಿದ. ಸಂಜೆಯವರೆಗೆ ಇಪ್ಪತ್ತು ಚೀಲ ಜೋಳ ಮೇಲೆ ಬಂತು. ರಾಚಪ್ಪನ ಮಾಳಿಗೆಯ ಮೇಲೆ ಅದನ್ನು ಹರವಿದ್ದು ಹೇಗೆಂದರೆ, ನೂಲು ಹಿಡಿದು ಗೆರೆ ಎಳೆದ ಹಾಗೆ, ಸಾಲಿಗೆ ಸಾಲು. ಆ ಚಳಿಗಾಲ ರಾಚಪ್ಪ ಆ ಜೋಳದ ರೊಟ್ಟಿ ದಿನಕ್ಕೊಂದು ಹೆಚ್ಚು ಉಣ್ಣುತ್ತಿದ್ದ ಎಂದು ಕೆಲವರು ಹೇಳುತ್ತಾರೆ. ಆ ಮನೆಯಲ್ಲಿ ಈ ವಿಷಯ ಯಾರೂ ಎತ್ತುವುದಿಲ್ಲ, ನಾನೂ ಹೆಚ್ಚು ಬರೆಯುವುದಿಲ್ಲ.

ಮೈಯೆಲ್ಲ ಜೋಳದ ಹೊಟ್ಟಾಗಿ ಸೋಮನಿಂಗ ಮನೆಗೆ ಬಂದಾಗ ಅಂಗಳದಲ್ಲಿ ಒಂದು ವಿಚಿತ್ರ ಕಂಡ. ಮೂರು ಕೋಲು ತುದಿ ಕೂಡಿ ನಿಂತಿದ್ದವು. ಅದರ ಸುತ್ತ ಒಂದು ಹರಕು ಕಂಬಳಿ. ಸಂದಿಯಿಂದ ಹೊಗೆ ಸಣ್ಣಗೆ ಬರುತ್ತಿತ್ತು.

"ಏನಿದು?"

"ಖಂಡಕ್ಕ ನೊಣಾ ಮುಕ್ಕರಿದ್ವು. ಕಾಗಿ ಬ್ಯಾರೆ," ಎಂದಳು ಸಾತವ್ವ. "ಕೋಲಿಗೆ ಕಟ್ಟಿ, ಕಂಬಳಿ ಮುಚ್ಚಿ, ಕೆಳಗ ನಾಕ ಕುಳ್ಳ ಹಾಕೇನಿ. ನಿಮ್ಮ ಚಕ್ಕಿ ಉಳದಿದ್ವು, ಅವನೂ ಹಾಕೇನಿ. ಕಂಬಳಿ ದೇವರ ಪೂಜಿಗೆ ಹಾಸೂದಲ್ಲ, ಕುರಿಮರಿಗೆ ಹೊಚ್ಚೂದು. ಕಣ್ಣಿಗೊತ್ತಿಕೊಂಡ ತಗೊಂಡೇನಿ."

"ಖಂಡಕ್ಕ ಕಂಬಳಿ ಉಣ್ಣಿ ವಾಸನಿ ಹತ್ತತೈತಿ."

"ಬದಕಿದ್ದಾಗ ಅದರ ಮೈಮ್ಯಾಲ ಏನಿತ್ತರಿ? ರೇಷ್ಮಿ ಇತ್ತೇನು?"

ಸೋಮನಿಂಗ ಕಂಬಳಿಯ ಹತ್ತಿರ ಬಂದ. ಬೆರಳು ಒದ್ದೆ ಮಾಡಿ ಎತ್ತಿದ. ಗಾಳಿ ಮೂಡಣದಿಂದ. ಕಂಬಳಿಯ ಸಂದಿಯನ್ನು ಪಡುವಣಕ್ಕೆ ತಿರುಗಿಸಿ, ಗಾಳಿಯ ಕಡೆ ಬುಡದಲ್ಲಿ ನಾಲ್ಕು ಬೆರಳಷ್ಟು ಎತ್ತಿ ಕಲ್ಲಿಟ್ಟ. ಕೆಂಡ ಉಸಿರಾಡಿತು. ಹೊಗೆ ದಟ್ಟವಾಗಿ ಮೇಲೇರಿ ತುದಿಯಲ್ಲಿ ತೆಳ್ಳಗೆ ಹೊರಬಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕುಳಿತ. ಎರಡು ದಿನ ಅಲ್ಲಿಂದ ಅಲುಗಲಿಲ್ಲ, ಸಾತವ್ವ ಊಟ ಅಲ್ಲಿಗೇ ತಂದುಕೊಟ್ಟಳು.

ಹೊರಡುವ ದಿನ ಸಿದ್ದರಾಯ ಒಂದು ಚೂರು ತಿಂದ. ಉಗುಳಲಿಲ್ಲ. ಇನ್ನೊಂದು ಚೂರು ತೆಗೆದುಕೊಂಡ. "ಇಲ್ಲೀತನಕ ಛಲೋ ಐತಿ. ಆದ್ರ ಹದಿನೈದು ದಿನಾ?"

"ದಿನಾ ಸಂಜಿಕ ಒಂದೀಟ ಹೊಗಿ ಕೊಡಬೇಕು. ಗಾಳಿ ನೋಡಿ."

"ನಾವು ಕುರಿ ನೋಡೂದೋ, ಗಾಳಿ ನೋಡೂದೋ? ಯಾರ ಕೊಡ್ತಾರ?"

"ನಾ ಬರ್ತೇನಿ. ಬುತ್ತಿ, ಬೆಂಕಿ, ಖಂಡ ಎಲ್ಲಾ ನಂದು."

ಸಿದ್ದರಾಯ ಕುರಿಗಳ ಕಡೆ ನೋಡಿದ, ಅಣ್ಣನ ಕಡೆ ನೋಡಿದ. "ಬಾ. ಆದ್ರ ಕುರಿಗೆ ಹಿಂದಿ ಹೇಳಬಾರದು."

ಮುಂದಿನದನ್ನು ರಾಚಪ್ಪನೇ ನಮಗೆ ಹೇಳಿದ್ದು. ಹದಿನಾರು ದಿನದ ಮೇಲೆ ಅವನು ಬಾಗೇವಾಡಿಯ ಅಳಿಯನ ಮನೆಗೆ ಹೋಗುತ್ತಿದ್ದಾಗ ಇಂಗಳೇಶ್ವರದ ಹತ್ತಿರ ಬಸ್ಸಿನ ಕಿಟಕಿಯಿಂದ ಬಯಲಲ್ಲಿ ಒಂದು ಕಂಬಳಿ ಹೊಗೆಯಾಡುವುದು ಕಂಡಿತು. ಇಳಿದು ಹೋದ. ಹಿಂಡು ಮೇಯಲು ಹೋಗಿತ್ತು. ಸೋಮನಿಂಗ ಒಲೆಯ ಮೇಲೆ ಸಾರು ಇಟ್ಟು, ರೊಟ್ಟಿ ಬಡಿಯುತ್ತಿದ್ದ. ಟಗರಿನ ಕೊನೆಯ ನಾಲ್ಕು ಸೀಳು ಕೆಟ್ಟಿರಲಿಲ್ಲ. ಹಿಂದಿನ ರಾತ್ರಿ ಸಿದ್ದರಾಯ ಅದನ್ನು ಉಂಡು, "ಯಣ್ಣಾ, ಮುಂದಿನದು ಯಾವ ಟಗರು, ನೀನ ಹೇಳು" ಎಂದು ಕೇಳಿದ್ದನಂತೆ.

ರಾಚಪ್ಪ ಹೊಗೆ ಬಾರದ ಕಡೆ ಸರಿದು ಕುಳಿತು, ಕೊಟ್ಟ ಚಹಾ ಕುಡಿದ. ಜೋಳಕ್ಕೆ ಆಮೇಲೆ ಒಂದು ನುಸಿಯೂ ಬಿದ್ದಿರಲಿಲ್ಲ. ಅದರ ಋಣ ಅವನ ಮನಸ್ಸಿನಲ್ಲಿತ್ತು.

"ಸೋಮನಿಂಗ, ನಮ್ಮ ಅಳಿಯಾಂದು ಬಾಗೇವಾಡ್ಯಾಗ ವೆಲ್ಡಿಂಗ್ ಅಂಗಡಿ ಐತಿ. ನಿನಗೊಂದು ಕಬ್ಬಿಣದ ಪೆಟಗಿ ಮಾಡಸ್ತೇನಿ. ಬಾಗಲಾ, ಮ್ಯಾಲ ಹೊಗಿ ಹೋಗಾಕ ಕೊಳವಿ, ಒಳಗ ಕೊಕ್ಕಿ. ರೊಕ್ಕ ಕೇಳಾಂವಲ್ಲ ನಾ. ಊರಿಗೆ ಕಳಸ್ತೇನಿ. ಈ ಬಿಸಲು, ಈ ಬಯಲು ಯಾಕ ಬೇಕು, ಮನಿ ಮುಂದ ಇಟ್ಟಕೊಂಡ ಆರಾಮ ಮಾಡು."

ಸೋಮನಿಂಗ ಕೈಯ ಹಿಟ್ಟು ಒರೆಸಿಕೊಂಡ. ಬೆರಳು ಒದ್ದೆ ಮಾಡಿ ಎತ್ತಿ ನೋಡಿದ, ಎದ್ದು ಹೋಗಿ ಕಂಬಳಿಯನ್ನು ಒಂದು ಗೇಣು ತಿರುಗಿಸಿ ಬಂದ.

"ಬ್ಯಾಡ್ರಿ ಸಾವಕಾರ್ರ," ಎಂದ. "ಪೆಟಗಿ ಮನ್ಯಾಗ ಕುಂದರತೈತಿ. ಅದರ ಮಗ್ಗಲಾ ನಾನೂ ಕುಂದರಬೇಕಾಕ್ಕತಿ."